ಕೆರೆಯಂಚಿನ ಬದುಕು



ಕೆರೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ನೀರು. ಕೆರೆ ತುಂಬಿ ಕೋಡಿ ಬಿತ್ತೆಂದರೆ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ. ಗಂಗೆಪೂಜೆ ನಡೆಯುತ್ತದೆ, ಬಾಗಿನ ಬಿಡುತ್ತಾರೆ. ಬತ್ತಿತೆಂದರೆ ಊರಿನ ಮುಖವೇ ಬಾಡುತ್ತದೆ. ಎಷ್ಟು ಅಡಿ ನೀರು ನಿಂತಿದೆ, ಎಷ್ಟು ಎಕರೆಗೆ ಸಾಕಾದೀತು ಎಂಬುದೇ ನಮ್ಮ ಲೆಕ್ಕಾಚಾರ. ಬೇಸಾಯಗಾರರ ನಾಡಿನಲ್ಲಿ ಇದು ಸಹಜವೇ. ಆದರೆ ಇದೇ ಕೆರೆಯಲ್ಲಿ ನಮ್ಮ ಜೊತೆಗೆ ಇನ್ನೂ ನೂರಾರು ಬಗೆಯ ಜೀವಿಗಳು ಬದುಕುತ್ತಿವೆ. ಜೊಂಡು, ತಾವರೆ, ನೈದಿಲೆಗಳಿವೆ. ಕಪ್ಪೆ, ಆಮೆ, ಮೀನು, ಏಡಿಗಳಿವೆ. ದೂರದ ಸೈಬೀರಿಯದಿಂದ ಬಂದಿಳಿಯುವ ಬಾತುಗಳಿವೆ. ಇವುಗಳ ಕಣ್ಣಿನಿಂದ ನೋಡಿದರೆ ಕೆರೆ ಹೇಗೆ ಕಾಣುತ್ತದೆ? ಇವತ್ತಿನ ಮಾತು ಅದನ್ನು ಕುರಿತದ್ದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆರೆಯ ಜೀವಸಂಪತ್ತು ಹೆಚ್ಚಾಗಿ ಇರುವುದು ನಡುವಿನ ಆಳವಾದ ನೀರಿನಲ್ಲಿ ಅಲ್ಲ, ಮೊಣಕಾಲುದ್ದವೂ ನೀರಿಲ್ಲದ ಅದರ ಅಂಚಿನಲ್ಲಿ. ಆ ಅಂಚು ಕೂಡ ಒಂದೇ ಕಡೆ ನಿಂತಿರುವುದಿಲ್ಲ. ಮಳೆಗಾಲದಲ್ಲಿ ಹೊಲದ ಬದಿಗೆ ಏರುತ್ತದೆ, ಬೇಸಿಗೆಯಲ್ಲಿ ತೂಬಿನ ಹತ್ತಿರಕ್ಕೆ ಇಳಿಯುತ್ತದೆ. ಈ ಏರಿಳಿತವೇ ಕೆರೆಯ ಉಸಿರಾಟ. ಅದು ನಿಂತುಹೋದರೆ ನೀರು ತುಂಬಿದ್ದರೂ ಕೆರೆ ಸೊರಗುತ್ತದೆ.

ಕರ್ನಾಟಕದ ಬಯಲುಸೀಮೆಯಲ್ಲಿ ನಿಸರ್ಗವೇ ನಿರ್ಮಿಸಿದ ಸಿಹಿನೀರಿನ ಸರೋವರಗಳು ತೀರ ಕಡಿಮೆ. ನಮ್ಮಲ್ಲಿ ಇರುವುದೆಲ್ಲ ಜನ ಕಟ್ಟಿದ ಕೆರೆಗಳು. ಸರ್ಕಾರದ ಲೆಕ್ಕದಂತೆ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಎಷ್ಟೋ ಕೆರೆಗಳಿಗೆ ನೂರಾರು ವರ್ಷಗಳ ವಯಸ್ಸು. ಇವುಗಳನ್ನು ಕಟ್ಟಿದ ರೀತಿಯನ್ನು ಗಮನಿಸಿ. ಇಳಿಜಾರಾದ ನೆಲದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಒಂದು ಕಡೆ ಮಾತ್ರ ಮಣ್ಣಿನ ಏರಿ. ಉಳಿದ ಮೂರು ಕಡೆ ನೆಲ ತನ್ನ ಪಾಡಿಗೆ ತಾನು ಮೆಲ್ಲಗೆ ಮೇಲೇರುತ್ತದೆ. ಹೀಗಾಗಿ ಏರಿಯ ಬುಡದಲ್ಲಿ ನೀರು ಆಳ. ಹಿಂದಕ್ಕೆ ಹೋದಂತೆಲ್ಲ ಎದೆಮಟ್ಟ, ಸೊಂಟದ ಮಟ್ಟ, ಮೊಣಕಾಲು, ಹಿಮ್ಮಡಿ. ಕಡೆಗೆ ಬರೀ ತೇವದ ನೆಲ. ಕಟ್ಟಿದವರ ಗಮನವಿದ್ದದ್ದು ಗದ್ದೆಗಳ ಮೇಲೆ, ಅಚ್ಚುಕಟ್ಟಿನ ಮೇಲೆ. ಆದರೆ ಅವರಿಗೆ ಗೊತ್ತೋ ಇಲ್ಲವೋ, ಎಲ್ಲ ಆಳದ ನೀರೂ ಒಂದೇ ಕಡೆ ಸಿಗುವಂಥ ಮನೆಯೊಂದನ್ನು ಗಿಡಗಳಿಗೂ ಪ್ರಾಣಿಗಳಿಗೂ ಕಟ್ಟಿಕೊಟ್ಟರು.

ಮೊದಲು ಗಿಡಗಳನ್ನು ನೋಡೋಣ. ನೀರಿನ ಆಳಕ್ಕೆ ತಕ್ಕಂತೆ ಕೆರೆಯ ಗಿಡಗಳು ಸಾಲು ಹಿಡಿದು ನಿಲ್ಲುತ್ತವೆ. ಬಿಸಿಲು ತಳ ಮುಟ್ಟುವಷ್ಟು ತಿಳಿಯಾದ ನೀರಿನಲ್ಲಿ ಹೈಡ್ರಿಲ್ಲದಂಥ ಮುಳುಗು ಸಸ್ಯಗಳು ಬೆಳೆಯುತ್ತವೆ. ಹಳ್ಳಿಯವರು ಅದನ್ನೂ ಪಾಚಿ ಎಂದೇ ಕರೆಯುವುದುಂಟು. ನಿಜವಾಗಿ ಅದು ಎಲೆ, ಕಾಂಡ, ಹೂವು ಎಲ್ಲ ಇರುವ ಗಿಡ. ನೀರಿನೊಳಗೇ ಆಮ್ಲಜನಕ ಬಿಡುವ ಈ ಗಿಡಗಳ ನಡುವೆ ಮೀನಿನ ಮರಿಗಳು ಅಡಗಿಕೊಂಡು ಬೆಳೆಯುತ್ತವೆ. ಅದಕ್ಕಿಂತ ಸ್ವಲ್ಪ ಮೇಲೆ ತಾವರೆ, ನೈದಿಲೆಗಳ ಸಾಲು. ಇವುಗಳ ಬೇರು ಕೆಸರಿನಲ್ಲಿ, ಎಲೆ ಗಾಳಿಯಲ್ಲಿ. ಕೆಸರಿನೊಳಗೆ ಉಸಿರಾಟಕ್ಕೆ ಗಾಳಿ ಇರುವುದಿಲ್ಲ. ಹಾಗಾಗಿ ಕಾಂಡದ ಒಳಗಿನ ಕೊಳವೆಗಳ ಮೂಲಕ ಎಲೆಯಿಂದ ಬೇರಿನವರೆಗೂ ಗಾಳಿ ಇಳಿಯುತ್ತದೆ. ತಾವರೆಯ ದಂಟನ್ನು ಅಡ್ಡಲಾಗಿ ಕತ್ತರಿಸಿದರೆ ಈ ತೂತುಗಳನ್ನು ಯಾರು ಬೇಕಾದರೂ ನೋಡಬಹುದು.

ಅದರಿಂದಾಚೆಗೆ ಜೊಂಡು, ಆಪು, ಜೇಕುಗಳ ಸಾಲು. ಇವು ಕೆರೆಯ ಬೇಲಿಯೂ ಹೌದು, ಜರಡಿಯೂ ಹೌದು. ಹೊಲಗಳಿಂದ ಕೊಚ್ಚಿಬರುವ ಮಣ್ಣನ್ನು ತಡೆಯುತ್ತವೆ. ನೀರಿನಲ್ಲಿ ಕರಗಿ ಬಂದ ಗೊಬ್ಬರದ ಸಾರವನ್ನು ಹೀರಿಕೊಳ್ಳುತ್ತವೆ. ಅದಕ್ಕೂ ಮೇಲೆ, ತೇವದ ನೆಲದಲ್ಲಿ, ನಮ್ಮ ಅಡಿಗೆಮನೆಗೂ ಔಷಧಿಗೂ ಬರುವ ಸೊಪ್ಪುಗಳಿವೆ. ಹೊನಗೊನೆ, ಒಂದೆಲಗ, ನೀರುಬ್ರಾಹ್ಮಿ ಇವೆಲ್ಲ ಕೆರೆಯಂಚಿನ ಗಿಡಗಳೇ. ಅಂಗಳದ ಕಡೆಯ ಭಾಗದಲ್ಲಿ ಕರಿಜಾಲಿ. ಏರಿಯ ಮೇಲೆ ಹೊಂಗೆ, ಅತ್ತಿ, ಆಲ. ಕರಿಜಾಲಿ ತಿಂಗಳುಗಟ್ಟಲೆ ನೀರಿನಲ್ಲಿ ಬುಡ ಮುಳುಗಿ ನಿಂತರೂ ಸಾಯದ ಮರ. ಈ ಗುಣದ ಬೆಲೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಗಿಡಗಳ ಸಾಲಿಗೆ ತಕ್ಕಂತೆ ಹಕ್ಕಿಗಳ ಸಾಲು. ಕೆರೆಯ ಹಕ್ಕಿಯ ಕಾಲು ಮತ್ತು ಕೊಕ್ಕು ನೋಡಿದರೆ ಸಾಕು, ಅದು ಎಲ್ಲಿ ಉಣ್ಣುತ್ತದೆ ಎಂದು ಹೇಳಿಬಿಡಬಹುದು. ಆಳದ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಕತ್ತು ಮಾತ್ರ ಹೊರಗಿಟ್ಟು ಹಾವಿನಂತೆ ಕಾಣುವ ಹಾವಕ್ಕಿ, ಬುಡುಕ್ಕೆಂದು ಮಾಯವಾಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಹಣೆಯ ಮೇಲೆ ಬಿಳಿ ನಾಮವಿಟ್ಟುಕೊಂಡಂತಿರುವ ನಾಮದಕೋಳಿ. ಮೊಣಕಾಲು ನೀರಿನಲ್ಲಿ ಕೊಕ್ಕರೆಗಳೂ ಬಕಗಳೂ. ಹಿಮ್ಮಡಿ ನೀರಿನಲ್ಲಿ ಗುಲಾಬಿ ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಬರೀ ಕೆಸರಿನಲ್ಲಿ, ಬಾಲ ಕುಣಿಸುತ್ತ ಓಡಾಡುವ ಗದ್ದೆಗೊರವ. ಒಣ ನೆಲದಲ್ಲಿ, ರಾತ್ರಿ ಹಗಲೆನ್ನದೆ ಕೂಗಿ ಎಚ್ಚರಿಸುವ ಟಿಟ್ಟಿಭ. ಹೀಗೆ ಒಂದು ಕೆರೆಯಲ್ಲಿ ಹತ್ತಾರು ಜಾತಿಯ ಹಕ್ಕಿಗಳು ಜಗಳವಿಲ್ಲದೆ ಉಣ್ಣುವುದು ಹೇಗೆಂದರೆ, ಪ್ರತಿಯೊಂದಕ್ಕೂ ಅದರ ಅಳತೆಯ ನೀರು ಬೇರೆಯಾಗಿ ಸಿಗುತ್ತದೆ. ಅಂಚನ್ನು ಅಗೆದು ಕಡಿದು ಮಾಡಿದ ಕೆರೆಯಲ್ಲಿ ಆಳದ ನೀರೊಂದೇ ಉಳಿಯುತ್ತದೆ. ಆಗ ನೀರುಕಾಗೆಗೆ ಜಾಗವಿರುತ್ತದೆ. ಬೇರೆಯವರ ಎಲೆ ಎತ್ತಿದಂತೆಯೇ.

ಇನ್ನು ಕೆರೆಯ ಒಂದು ವರ್ಷವನ್ನು ನೋಡೋಣ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆಯಂಗಳದ ಕಪ್ಪೆಗಳೆಲ್ಲ ಒಟ್ಟಿಗೆ ವಟಗುಟ್ಟತೊಡಗುತ್ತವೆ. ಬೇಸಿಗೆಯಿಡೀ ಅವು ಮಣ್ಣಿನಡಿ ಹುದುಗಿ ಮಲಗಿದ್ದವು. ಕೆರೆಯ ಆಮೆಯೂ ಹಾಗೆಯೇ ಕೆಸರಿನಲ್ಲಿ ಹೂತುಕೊಂಡು ಬೇಸಿಗೆ ಕಳೆಯುತ್ತದೆ. ಕೊರವ ಮೀನಿಗೆ ಕಿವಿರಿನ ಜೊತೆಗೆ ಹೊರಗಿನ ಗಾಳಿಯನ್ನೇ ಉಸಿರಾಡುವ ಅಂಗವೂ ಇದೆ. ಕೆಸರಿನ ಗುಂಡಿಯಲ್ಲೂ ಅದು ಜೀವ ಹಿಡಿದುಕೊಂಡಿರುತ್ತದೆ. ಹೊಸ ನೀರು ಬಂದ ಕೂಡಲೆ ಎಲ್ಲಕ್ಕೂ ಅವಸರ. ಮುಳುಗಿದ ಹುಲ್ಲಿನ ನಡುವೆ ಮೀನುಗಳು ಮೊಟ್ಟೆ ಇಡುತ್ತವೆ. ಕೊರವದ ಮರಿಗಳು ಕೆಂಪು ಕೆಂಪಾಗಿ ಗುಂಪುಗೂಡಿ ಮೇಲೆ ಆಡುತ್ತಿದ್ದರೆ ಕೆಳಗೆ ತಂದೆತಾಯಿ ಕಾವಲು ಕಾಯುತ್ತವೆ. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಕೀಟ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ನೀರಿನೊಳಗಿದ್ದು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಯನ್ನು ಹಿಡಿಯುತ್ತದೆ.

ಕೆರೆ ತುಂಬಿ, ತಾವರೆ ನೈದಿಲೆಗಳ ಎಲೆ ಹರಡಿದಾಗ ದೇವನಕ್ಕಿಯ ಸಂಸಾರ ಆರಂಭವಾಗುತ್ತದೆ. ಇದರ ಕಾಲ್ಬೆರಳುಗಳು ಎಷ್ಟು ಉದ್ದವೆಂದರೆ ಮೈಭಾರ ಹರಡಿಹೋಗಿ, ತೇಲುವ ಎಲೆಯ ಮೇಲೆ ನೆಲದ ಮೇಲೆ ನಡೆದಷ್ಟೇ ಸಲೀಸಾಗಿ ನಡೆಯುತ್ತದೆ. ಗೂಡೂ ತೇಲುವ ಎಲೆಗಳ ಮೇಲೆಯೇ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ, ಇನ್ನೊಂದು ಗಂಡನ್ನು ಹುಡುಕಿಕೊಂಡು. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡಿನ ಪಾಲಿನ ಕೆಲಸ. ಗುಳುಮುಳುಕವೂ ನೀರುಗಿಡಗಳನ್ನು ಒಟ್ಟುಮಾಡಿ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕೊಳೆತ ಎಲೆ ಎಳೆದು ಮುಚ್ಚಿ ಹೋಗುತ್ತದೆ. ಜೊಂಡಿನ ಮರೆಯಲ್ಲಿ ನೇರಳೆ ಜಂಬುಕೋಳಿ, ಹುಂಡುಕೋಳಿಗಳ ಗೂಡು. ಕೆರೆ ಸ್ವಚ್ಛ ಮಾಡುತ್ತೇವೆಂದು ಈ ಕಾಲದಲ್ಲಿ ಜೊಂಡನ್ನೆಲ್ಲ ಕಿತ್ತು ದಡಕ್ಕೆ ಹಾಕಿದರೆ, ಅದರ ಜೊತೆಗೆ ಒಂದು ವರ್ಷದ ಸಂತತಿಯನ್ನೇ ದಡಕ್ಕೆ ಹಾಕಿದಂತಾಗುತ್ತದೆ.

ಮಳೆ ನಿಂತ ಮೇಲೆ ಉತ್ತರದಿಂದ ಅತಿಥಿಗಳು ಬರುತ್ತಾರೆ. ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು, ಹಲವು ಬಗೆಯ ಗೊರವಗಳು. ಇದೇ ಹೊತ್ತಿಗೆ ರೈತ ತೂಬು ಎತ್ತುತ್ತಾನೆ. ನೀರು ಗದ್ದೆಗೆ ಹರಿಯುತ್ತದೆ, ಕೆರೆಯ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ನಿನ್ನೆ ನೀರಿದ್ದ ಕಡೆ ಇಂದು ಕೆಸರು. ಆ ಕೆಸರಿನ ತುಂಬ ಹುಳು, ಬಸವನಹುಳು, ಬೀಜ. ಗೊರವಗಳ ಹಬ್ಬವೆಂದರೆ ಇದು. ಬಸವನಹುಳುವನ್ನೇ ನಂಬಿದ ಬಾಯ್ಕಳಕ ಕೊಕ್ಕರೆಗೂ ಹಬ್ಬವೇ. ಅದರ ಎರಡು ಕೊಕ್ಕುಗಳ ನಡುವೆ ಇರುವ ಕಂಡಿ ಚಿಪ್ಪಿನ ಜೀವಿಗಳನ್ನು ಹಿಡಿಯುವುದಕ್ಕೆ ಒದಗಿಬರುತ್ತದೆ.

ಬಣ್ಣದ ಕೊಕ್ಕರೆಯ ಬೇಟೆಯನ್ನಂತೂ ನೋಡಲೇಬೇಕು. ಅದು ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿನೊಳಗೆ ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕಲಕುತ್ತ ಮೆಲ್ಲಗೆ ನಡೆಯುತ್ತದೆ. ಮೀನು ಕೊಕ್ಕಿಗೆ ತಗಲಿದ್ದೇ ತಡ, ಇಕ್ಕುಳದಂತೆ ಮುಚ್ಚಿಕೊಳ್ಳುತ್ತದೆ. ತುಂಬಿದ ಕೆರೆಯಲ್ಲಿ ಮೀನುಗಳು ಎಲ್ಲೆಲ್ಲೋ ಚದುರಿರುತ್ತವೆ. ಈ ಉಪಾಯ ಅಷ್ಟಾಗಿ ಫಲಿಸುವುದಿಲ್ಲ. ನೀರು ಇಳಿದು, ಮೀನುಗಳು ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸೇರಿದಾಗ ಮರಿಗಳ ಹೊಟ್ಟೆ ತುಂಬುವಷ್ಟು ಬೇಟೆ ಸಿಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಿಸೆಮರಗಳಲ್ಲಿ ಗೂಡು ಕಟ್ಟುವುದನ್ನು ನೀವು ಕೇಳಿರುತ್ತೀರಿ, ನೋಡಿಯೂ ಇರಬಹುದು. ಅಲ್ಲಿ ಅವು ಮರಿ ಮಾಡುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಸುತ್ತಲ ಕೆರೆಗಳ ನೀರು ಇಳಿಯುತ್ತಿರುವ ಕಾಲದಲ್ಲಿ. ಗೂಡು ಊರಿನಲ್ಲಿ, ಊಟ ಕೆರೆಯಲ್ಲಿ.

ಬೇಸಿಗೆ ಬಲಿತಾಗ ಸಣ್ಣ ಕೆರೆ ಪೂರ್ತಿ ಬತ್ತುತ್ತದೆ. ಬತ್ತಿದ ಕೆರೆ ಸತ್ತ ಕೆರೆ ಎಂದು ತಿಳಿಯಬೇಡಿ. ಬಿಸಿಲಿಗೆ ಒಣಗಿ ಬಾಯಿಬಿಟ್ಟ ಕೆಸರಿಗೆ ಗಾಳಿ ತಗಲಿ, ವರ್ಷದ ಕೊಳೆ ಕರಗಿ ಗೊಬ್ಬರವಾಗುತ್ತದೆ. ದನಕರು ಮೇಯುತ್ತವೆ, ಸಗಣಿ ಬೀಳುತ್ತದೆ. ರೈತರು ಕೆರೆಗೋಡು ಹೊಡೆದು ಹೊಲಕ್ಕೆ ಹಾಕುತ್ತಾರೆ. ಕೆರೆಯ ಹೂಳೂ ತೆರವಾಗುತ್ತದೆ, ಹೊಲವೂ ಹಸನಾಗುತ್ತದೆ. ಮಣ್ಣಿನೊಳಗೆ ಲಕ್ಷಾಂತರ ಬೀಜಗಳು, ನೀರುಹುಳುಗಳ ಮೊಟ್ಟೆಗಳು ಮುಂದಿನ ಮಳೆಗೆ ಕಾದಿರುತ್ತವೆ. ಅವುಗಳ ತಾಳ್ಮೆ ಎಂಥದು ಎನ್ನುವುದಕ್ಕೆ ಒಂದೇ ಉದಾಹರಣೆ. ಚೀನಾದ ಈಶಾನ್ಯ ಭಾಗದಲ್ಲಿ ಒಂದು ಪುರಾತನ ಸರೋವರದ ಒಣಗಿದ ತಳದಿಂದ ತೆಗೆದ ತಾವರೆ ಬೀಜ, ಸುಮಾರು 1,300 ವರ್ಷ ಹಳೆಯದು, ಮೊಳಕೆಯೊಡೆಯಿತು ಎಂದು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಒಂದು ಬೇಸಿಗೆ ಕಾಯುವುದು ಅದಕ್ಕೆ ಯಾವ ಲೆಕ್ಕ?

ನಾನು ಹೇಳಿದ ಈ ಸಂಗತಿಗಳನ್ನು ಕಣ್ಣಾರೆ ಕಾಣಬಹುದಾದ ಎರಡು ಊರ ಕೆರೆಗಳು ನಮ್ಮ ನಾಡಿನಲ್ಲಿವೆ. ಮೊದಲನೆಯದು ವಿಜಯನಗರ ಜಿಲ್ಲೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ. ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ ಈ ಕೆರೆಯ ವಿಸ್ತಾರ 98.76 ಹೆಕ್ಟೇರ್. ಇಷ್ಟು ಜಾಗದಲ್ಲಿ 210ಕ್ಕೂ ಹೆಚ್ಚು ಬಗೆಯ ಗಿಡಗಳು, 240 ಬಗೆಯ ಹಕ್ಕಿಗಳು, 41 ಬಗೆಯ ಮೀನುಗಳು, 25 ಬಗೆಯ ಸರೀಸೃಪಗಳು, 32 ಬಗೆಯ ಏರೋಪ್ಲೇನ್ ಚಿಟ್ಟೆಗಳು ದಾಖಲಾಗಿವೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಇದರ ಗುಟ್ಟು ಕೆರೆಯಂಗಳದಲ್ಲಿ ನಿಂತಿರುವ ಕರಿಜಾಲಿ ಮರಗಳು. ಕೆರೆ ತುಂಬಿದಾಗ ಪ್ರತಿ ಮರವೂ ಒಂದೊಂದು ನಡುಗಡ್ಡೆಯಾಗುತ್ತದೆ. ಕಾಡುಬೆಕ್ಕು, ನಾಯಿ ಸುಲಭವಾಗಿ ಹತ್ತಿರ ಸುಳಿಯಲಾರವು. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಒಂದೇ ಮರದಲ್ಲಿ ಮಹಡಿ ಮಹಡಿಯಾಗಿ ಸಂಸಾರ ಹೂಡುತ್ತವೆ. ಅಂಗಳದ ಜಾಲಿಯನ್ನು ಕಡಿದು ಕೆರೆಯ ನೀರಿನ ಸಾಮರ್ಥ್ಯ ಹೆಚ್ಚಿಸಬೇಕು ಎಂದು ಯಾರಾದರೂ ಲೆಕ್ಕ ಹಾಕಿದ್ದರೆ, ಈ ಊರೂರಿನ ಹಕ್ಕಿಗಳ ಊರೇ ಇಲ್ಲವಾಗುತ್ತಿತ್ತು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಎರಡನೆಯದು ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಇದೂ ಮಳೆನೀರು ಹಿಡಿದು ಬೆಳೆಗೆ ಕೊಡಲು ಕಟ್ಟಿದ ಕೆರೆಯೇ. ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಇಲ್ಲಿಗೆ ಎಂಟು ಸಾವಿರದಷ್ಟು ಹಕ್ಕಿಗಳು ಬರುತ್ತವೆ. ಅವುಗಳಲ್ಲಿ ಹೆಸರಾದದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಈ ಹೆಬ್ಬಾತು ಮರಿ ಮಾಡುವುದು ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ. ಹಿಮಾಲಯವನ್ನು ದಾಟಿ ಬರುತ್ತದೆ. ಮೈಗೆ ಯಂತ್ರ ಕಟ್ಟಿ ನೋಡಿದಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತದಲ್ಲಿದೆ.

ಇಷ್ಟು ದೂರ ಬಂದ ಹೆಬ್ಬಾತು ಕೆರೆಯಲ್ಲಿ ಮಾಡುವುದೇನು? ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆ. ಅದು ಹುಲ್ಲು ಕಾಳು ತಿನ್ನುವ ಹಕ್ಕಿ. ಸುತ್ತಲ ಹೊಲಗಳಲ್ಲಿ ಮೇದು ಬಂದು ಕೆರೆಯ ಅಂಚಿನಲ್ಲಿ ದಣಿವಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬಯಲಾದ, ಸುತ್ತಲೂ ಕಣ್ಣು ಹಾಯುವ, ಯಾರೂ ಬೆನ್ನಟ್ಟದ ತೆಳುನೀರಿನ ದಡ. ಹೊಲದಲ್ಲಿ ಅದು ಮೇಯುವುದು ರೈತನ ಬೆವರಿನ ಫಲವನ್ನು ಎಂಬುದನ್ನೂ ಮರೆಯಬಾರದು. ಹಕ್ಕಿ ಉಳಿಯಬೇಕಾದರೆ ಆ ರೈತನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಊರಿಗೂ ಸರ್ಕಾರಕ್ಕೂ ಸೇರಿದ ಹೊಣೆ.

1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವೊಂದು ಆಯಿತು. ಭಾರತ 1982ರಲ್ಲಿ ಅದಕ್ಕೆ ಸೇರಿತು. ಆ ಒಪ್ಪಂದದ ಪಟ್ಟಿಗೆ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಹೆಸರು 2024ರ ಜನವರಿಯಲ್ಲಿ ಪ್ರಕಟವಾಯಿತು. ಎರಡು ಹಳ್ಳಿಗಳ ಕೆರೆಗಳಿಗೆ ಜಗತ್ತಿನ ಮಾನ್ಯತೆ ಸಿಕ್ಕಿತೆಂದು ಹೆಮ್ಮೆಪಡೋಣ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಜೌಗು ಪ್ರದೇಶಗಳ ರಕ್ಷಣೆಗೆಂದು ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ವ್ಯಾಖ್ಯೆಯಲ್ಲಿ ಕುಡಿಯುವ ನೀರಿಗೆಂದೋ ನೀರಾವರಿಗೆಂದೋ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನು ಹೊರಗಿಡಲಾಗಿದೆ. ನಮ್ಮ ಕೆರೆಗಳೆಲ್ಲ ಹೆಚ್ಚುಕಡಿಮೆ ಹಾಗೆ ಕಟ್ಟಿದವೇ ಅಲ್ಲವೆ? ಒತ್ತುವರಿ, ಕೊಳಚೆಗಳನ್ನು ತಡೆಯಲು ರಾಜ್ಯದ್ದೇ ಆದ ಕೆರೆ ಸಂರಕ್ಷಣಾ ಕಾಯ್ದೆ 2014ರಲ್ಲಿ ಬಂತು. ಆದರೂ ಕೆರೆಯೆಂದರೆ ಬರೀ ನೀರಿನ ತೊಟ್ಟಿ, ಅದರಲ್ಲಿರುವ ಜೀವಜಾಲ ಲೆಕ್ಕಕ್ಕಿಲ್ಲ ಎಂಬ ಭಾವನೆ ಇನ್ನೂ ಹೋಗಿಲ್ಲ.

ಈ ಭಾವನೆಯಿಂದ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ನೋಡಬಹುದು. ನಗರಕ್ಕೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಂದ ನಲ್ಲಿ ನೀರು ಬಂತು. 1974ರಲ್ಲಿ ಕಾವೇರಿಯೂ ಬಂತು. ಕೆರೆಯ ನೀರು ಯಾರಿಗೂ ಬೇಡವಾಯಿತು. ಗದ್ದೆಗಳಲ್ಲಿ ಮನೆಗಳೆದ್ದವು, ತೂಬು ಎತ್ತುವವರಿಲ್ಲವಾದರು. ಮಳೆನೀರಿನ ರಾಜಕಾಲುವೆಯಲ್ಲಿ ಮನೆಮನೆಯ ಕೊಳಚೆ ಹರಿಯತೊಡಗಿತು. ಕೊಳಚೆಗೆ ಬೇಸಿಗೆ ಮಳೆಗಾಲ ಎಂಬ ಭೇದವಿಲ್ಲ. ಹೀಗಾಗಿ ಕೆರೆ ವರ್ಷವಿಡೀ ತುಂಬಿಯೇ ಇರುತ್ತದೆ. ಏರಿಳಿತ ನಿಂತುಹೋಯಿತು, ಕೆಸರಿಗೆ ಬಿಸಿಲು ಕಾಣದಾಯಿತು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿತು. 2015, 2017, 2018ರಲ್ಲಿ ಅಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದವು.

ಮೀನು ಹೀಗೆ ಸಾಯುವ ಬಗೆ ತಿಳಿದುಕೊಳ್ಳಬೇಕಾದದ್ದು. ಕೊಳಚೆಯಲ್ಲಿ ಗೊಬ್ಬರದ ಸಾರ ಬಹಳ. ಅದನ್ನುಂಡು ಹಸಿರು ಪಾಚಿ ಹಬ್ಬುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಸರಿ. ರಾತ್ರಿ ಅದೂ ಉಸಿರಾಡಬೇಕು. ಕೊಳೆಯುವ ಪದಾರ್ಥಗಳ ಮೇಲೆ ಬದುಕುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಮುಗಿದುಹೋಗಿ ಮೀನುಗಳು ಉಸಿರು ಕಟ್ಟಿ ಸಾಯುತ್ತವೆ. ಅಂಚಿನಲ್ಲಿ ಜೊಂಡು ಆಪುಗಳ ಜರಡಿ ಇದ್ದಿದ್ದರೆ ಆ ಸಾರದ ಒಂದು ಪಾಲನ್ನಾದರೂ ಅದು ಹೀರುತ್ತಿತ್ತು.

ಕೊಳಚೆ ನೀರಿನ ಇನ್ನೊಂದು ಕೂಸು, ನೇರಳೆ ಹೂವಿನ ಜಲಕಳೆ. ನಮ್ಮಲ್ಲಿ ಅನೇಕರು ಇದನ್ನೂ ಅಂತರಗಂಗೆ ಎಂದೇ ಕರೆಯುತ್ತಾರೆ. ದಕ್ಷಿಣ ಅಮೆರಿಕದ ಈ ಗಿಡ ಹೂವಿನ ಚೆಲುವಿಗಾಗಿ 19ನೇ ಶತಮಾನದ ಕೊನೆಯ ವೇಳೆಗೆ ಬಂಗಾಳಕ್ಕೆ ಬಂತು, ದೇಶವಿಡೀ ಹಬ್ಬಿತು. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಕೆರೆಯ ಮೇಲೆ ಚಾಪೆ ಹಾಸಿ ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತದೆ. ಕೆಳಗಿನ ಮುಳುಗು ಸಸ್ಯಗಳು ಸಾಯುತ್ತವೆ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಈ ಗಿಡದ ತವರಿನ ಶತ್ರುವಾದ ಒಂದು ಸಣ್ಣ ಮೂತಿಹುಳುವನ್ನು ತರಿಸಿ, ಅದು ಬೇರೆ ಬೆಳೆಗಳನ್ನು ತಿನ್ನುವುದಿಲ್ಲವೆಂದು ಪರೀಕ್ಷಿಸಿ, ಕೆರೆಗಳಲ್ಲಿ ಬಿಟ್ಟರು. ಹೆಬ್ಬಾಳ ಕೆರೆಯಲ್ಲಿ ಎರಡು ಮೂರು ವರ್ಷಗಳಲ್ಲಿ ಕಳೆ ಹತೋಟಿಗೆ ಬಂತು. ಆದರೆ ಕೊಳಚೆ ಹರಿಯುತ್ತಲೇ ಇದ್ದರೆ ಹುಳು ತಿನ್ನುವುದಕ್ಕಿಂತ ವೇಗವಾಗಿ ಕಳೆ ಚಿಗುರುತ್ತದೆ. ಕಳೆ ರೋಗದ ಲಕ್ಷಣ; ರೋಗವಿರುವುದು ಕಾಲುವೆಯಲ್ಲಿ.

ಹೊರಗಿನಿಂದ ಬಂದ ಮೀನುಗಳ ಕಥೆಯೂ ಹೀಗೆಯೇ. 1952ರಲ್ಲಿ ನಮ್ಮ ದೇಶಕ್ಕೆ ತಂದ ಜಿಲೇಬಿ ಮೀನು ಕೆರೆಗಳಲ್ಲಿ ಬೇರುಬಿಟ್ಟು, ಗೆಂಡೆಯಂಥ ಊರ ಮೀನುಗಳ ಪಾಲನ್ನು ಕಬಳಿಸಿತು. ಆಫ್ರಿಕದ ಕ್ಯಾಟ್‌ಫಿಶ್ ಇನ್ನೂ ಹೊಟ್ಟೆಬಾಕ. ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿದೆ. ಬಯಲುಸೀಮೆಯ ಬತ್ತಿದ ಕೆರೆಗಳಿಗೆ ನುಗ್ಗುವ ಬಳ್ಳಾರಿ ಜಾಲಿಯೂ ಹೊರಗಿನದೇ. ಅದನ್ನು ನಮ್ಮ ಕರಿಜಾಲಿಯೊಂದಿಗೆ ಸೇರಿಸಿ ಒಟ್ಟಿಗೇ ಕಡಿಯಬಾರದು, ಒಟ್ಟಿಗೇ ಉಳಿಸಲೂ ಬಾರದು.

ಈಗ ಕೆರೆಗಳನ್ನು ಉಳಿಸಬೇಕೆಂಬ ಉತ್ಸಾಹ ಎಲ್ಲೆಡೆ ಕಾಣುತ್ತಿದೆ. ಸಂತೋಷ. ಆದರೆ ಉಳಿಸುವ ರೀತಿಯಲ್ಲೇ ತಪ್ಪಿದರೆ? ಕೆರೆಯ ಸುತ್ತಲೂ ಕಡಿದಾದ ದಂಡೆ ಎಬ್ಬಿಸಿ, ಕಲ್ಲು ಕಟ್ಟಿ, ನಡೆದಾಡುವ ದಾರಿ ಮಾಡಿ, ತಳವನ್ನು ಒಂದೇ ಸಮ ಅಗೆದು, ಜೊಂಡನ್ನು ಬೋಳಿಸಿ, ದೀಪ ಹಾಕಿ ಕಾರಂಜಿ ಇಟ್ಟರೆ ಅದು ನೋಡಲು ಚೆಂದದ ಬಟ್ಟಲಾಗುತ್ತದೆ. ದೇವನಕ್ಕಿಗೆ ಅಲ್ಲಿ ಎಲೆಯಿಲ್ಲ, ಗೊರವಕ್ಕೆ ಕೆಸರಿಲ್ಲ, ಕಪ್ಪೆಗೆ ಹತ್ತಿಳಿಯಲು ದಡವಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಹಣದ ಮಾತಲ್ಲ ಇದು. ಹೂಳೆತ್ತುವಾಗ ಏರಿಯ ಕಡೆ ಆಳ ಮಾಡಿ. ಹಿಂಭಾಗದ ಇಳಿಜಾರನ್ನು ಹಾಗೆಯೇ ಬಿಡಿ. ಜೊಂಡನ್ನು ಒಂದೇ ಬಾರಿಗೆ ಬೋಳಿಸದೆ, ಮರಿಗಳು ಹಾರಿಹೋದ ಮೇಲೆ, ಭಾಗಭಾಗವಾಗಿ ಕೊಯ್ಯಿರಿ. ಅಂಗಳದ ಕರಿಜಾಲಿಗಳಲ್ಲಿ ಗೂಡುಗಳಿವೆಯೇ ನೋಡಿ ಮುಂದುವರಿಯಿರಿ. ನಡೆದಾಡುವ ದಾರಿ ಬೇಕಾದರೆ ಒಂದು ಬದಿಗೆ ಇರಲಿ. ಇನ್ನೊಂದು ಬದಿ ಹಕ್ಕಿಗಳಿಗೆ ಇರಲಿ. ಕೊಳಚೆ ಬರುವ ಬಾಯಲ್ಲೇ ಅದನ್ನು ತಡೆದು, ಶುದ್ಧ ಮಾಡಿ, ಜೊಂಡಿನ ಕೊಳದ ಮೂಲಕ ಹಾಯಿಸಿ ಒಳಗೆ ಬಿಡಬೇಕು. ಗಣೇಶನ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಇರಲಿ. ಮೀನಿನ ಗುತ್ತಿಗೆ ಕೊಡುವಾಗ ಯಾವ ಮರಿ ಬಿಡುತ್ತಾರೆಂದು ಪಂಚಾಯಿತಿ ಕೇಳಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯೂ ತನ್ನ ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆ ಇಡಬೇಕು. ನಿಮ್ಮ ಊರಿನ ದಾಖಲೆಯಲ್ಲಿ ಕೆರೆಯ ಪುಟ ಬರೆದಾಗಿದೆಯೇ, ವಿಚಾರಿಸಿ. ಆ ಪುಟ ತುಂಬಿಸಲು ಶಾಲೆಯ ಮಕ್ಕಳಿಗಿಂತ ಒಳ್ಳೆಯ ಕೈಗಳಿಲ್ಲ.

ಕೊನೆಯದಾಗಿ ಒಂದು ಮಾತು. ಕೆರೆಯ ಜೀವಿಗಳಿಗೂ ಬೇಸಾಯಕ್ಕೂ ವಿರೋಧವಿದೆ ಎಂದು ಕೆಲವರು ಭಾವಿಸುತ್ತಾರೆ. ನಾವು ನೋಡಿದ್ದು ಬೇರೆಯೇ. ಹಿಂದೆ ನೀರಗಂಟಿ ಹೊತ್ತಿಗೆ ಸರಿಯಾಗಿ ತೂಬು ಎತ್ತುತ್ತಿದ್ದ. ಆ ನೀರು ಭತ್ತಕ್ಕೆ ಹೋಗುತ್ತಿತ್ತು. ಇಳಿದ ಕೆರೆ ಕೊಕ್ಕರೆಯ ಮರಿಗೆ ಊಟ ಕೊಡುತ್ತಿತ್ತು. ಬೇಸಿಗೆಯಲ್ಲಿ ಗೋಡು ಹೊಡೆದ ರೈತ ಮುಂದಿನ ವರ್ಷದ ಕೆರೆಯನ್ನೂ ಸಿದ್ಧಮಾಡುತ್ತಿದ್ದ. ಕೊಳವೆಬಾವಿಗಳು ಬಂದ ಮೇಲೆ ನೀರಗಂಟಿಯ ಕೆಲಸ ಎಷ್ಟೋ ಊರುಗಳಲ್ಲಿ ನಿಂತುಹೋಯಿತು, ಕಾಲುವೆಗಳು ಮುಚ್ಚಿದವು, ಕೆರೆ ಯಾರದೂ ಅಲ್ಲದ ಆಸ್ತಿಯಾಯಿತು. ದಿನವೂ ಬಳಕೆಯಲ್ಲಿರುವ ಕೆರೆಗೆ ಕಾಯುವವರಿರುತ್ತಾರೆ. ಬಳಕೆ ತಪ್ಪಿದ ಕೆರೆ ಮೊದಲು ಕಸದ ಗುಂಡಿಯಾಗುತ್ತದೆ, ಆಮೇಲೆ ನಿವೇಶನವಾಗುತ್ತದೆ. ಆದ್ದರಿಂದ ಹಕ್ಕಿಗಳನ್ನು ಉಳಿಸಬೇಕೆನ್ನುವವರು ತೂಬನ್ನೂ ಕಾಲುವೆಯನ್ನೂ ಉಳಿಸಬೇಕು. ನೀರು ಬೇಕೆನ್ನುವವರು ಜೊಂಡನ್ನೂ ಕೆಸರನ್ನೂ ಉಳಿಸಬೇಕು.

ಮುಂದಿನ ಸಲ ನಿಮ್ಮೂರ ಕೆರೆಯ ಹತ್ತಿರ ಹೋದಾಗ ಏರಿಯ ಮೇಲೆ ನಿಂತು ನೀರು ನೋಡಿ ಬಂದುಬಿಡಬೇಡಿ. ಸುತ್ತಿಕೊಂಡು ಹಿಂಭಾಗಕ್ಕೆ ಹೋಗಿ, ನೀರು ಮುಗಿದು ನೆಲ ಆರಂಭವಾಗುವ ಕಡೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ಏನೂ ಇಲ್ಲವೆಂದು ತೋರುತ್ತದೋ ಅಲ್ಲೇ ಎಷ್ಟು ಬದುಕಿದೆ ಎಂಬುದು ಕಾಣಿಸುತ್ತದೆ.